ವಟಗುಟ್ಟದ ಕಪ್ಪೆ

ಮಂಗಳವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ ನಿರ್ಮಾಪಕಿ ರೇಡಿಯೋ ನಿಲಯದ ಎರಡನೇ ಸ್ಟುಡಿಯೋದಲ್ಲಿ ಚಪ್ಪಲಿ ಬಿಟ್ಟು, ಹೆಡ್‌ಫೋನ್ ಏರಿಸಿಕೊಂಡು, ಕಣ್ಣು ಮುಚ್ಚಿ ಕೂತಿದ್ದರು. ಮೊಣಕಾಲ ಮೇಲೆ ಒಂದು ಹಾಳೆ. ಹಾಳೆಯಲ್ಲಿ ಮೂರು ಸಂಜೆಗಳ ದಿನಾಂಕ, ಪ್ರತಿ ದಿನಾಂಕದ ಮುಂದೆ ಐದು ನಿಮಿಷಕ್ಕೊಂದು ಗೆರೆ. ಗಾಳಿ ಕೇಳಿದಲ್ಲಿ ‘ಗಾ’, ವಾಹನ ಕೇಳಿದಲ್ಲಿ ‘ವಾ’, ನಾಯಿ ಬೊಗಳಿದಲ್ಲಿ ‘ನಾ’ ಎಂದು ಕಣ್ಣು ತೆರೆಯದೆಯೇ ಪೆನ್ಸಿಲಿನಲ್ಲಿ ಗೀಚುತ್ತಿದ್ದರು. ಕೇಳಿ ಮುಗಿದಾಗ ಹಾಳೆಯಲ್ಲಿ ಹತ್ತೊಂಬತ್ತು ‘ಗಾ’, ಮೂವತ್ತೊಂದು ‘ವಾ’, ನಾಲ್ಕು ‘ನಾ’ ಇದ್ದವು. ‘ಕ’ ಒಂದೂ ಇರಲಿಲ್ಲ.

‘ಕ’ ಎಂದರೆ ಕಪ್ಪೆ. ಗುರುವಾರ ಸಂಜೆ ಆರೂವರೆಗೆ ಪ್ರಸಾರವಾಗಬೇಕಿದ್ದ ಕಂತಿನ ಹನ್ನೊಂದನೇ ಪುಟದಲ್ಲಿ ‘ಅಜ್ಜಿ ಕಿಟಕಿ ತೆರೆಸುತ್ತಾಳೆ, ಕಪ್ಪೆಗಳು ಕೂಗುತ್ತವೆ, ಹದಿನೆಂಟು ಸೆಕೆಂಡು’ ಎಂದು ಟೈಪಾಗಿತ್ತು. ಹನ್ನೊಂದು ವರ್ಷಗಳಿಂದ ಮೊದಲ ಮಳೆಯ ವಾರದ ಕಂತಿನಲ್ಲಿ ಆ ಸಾಲು ಇದ್ದೇ ಇರುತ್ತದೆ. ಈ ವರ್ಷ ಮಳೆ ಬಂದಿತ್ತು. ಶುಕ್ರವಾರ, ಶನಿವಾರ, ಭಾನುವಾರ ಮೂರೂ ಸಂಜೆ ಅವರು ಕೆರೆಯ ದಡದಲ್ಲಿ ಮೈಕ್ ಹಿಡಿದು ನಿಂತು ಬಂದಿದ್ದರು. ಕಪ್ಪೆ ಕೂಗಿರಲಿಲ್ಲ.

ಅವರಿಗೆ ಐವತ್ತಾರು ವರ್ಷ. ನಿಲಯಕ್ಕೆ ಸೇರಿ ಮೂವತ್ತೊಂದಾಯಿತು. ಗೇಟಿನ ಕಾವಲುಗಾರನಿಂದ ಹಿಡಿದು ಲೆಕ್ಕಪತ್ರ ವಿಭಾಗದವರೆಗೆ ಎಲ್ಲರೂ ಅವರನ್ನು ‘ಕಪ್ಪೆ ಮೇಡಂ’ ಎನ್ನುತ್ತಾರೆ, ಎದುರಿಗೇ ಎನ್ನುತ್ತಾರೆ. ಹೊಸದಾಗಿ ಬಂದ ಸ್ವಾಗತಕಾರಿಣಿಯೊಬ್ಬಳು ಅದನ್ನು ಮನೆತನದ ಹೆಸರೆಂದುಕೊಂಡು ಲಕೋಟೆಯ ಮೇಲೂ ಹಾಗೆಯೇ ಬರೆದಿದ್ದಳು. ಆ ಲಕೋಟೆ ಈಗಲೂ ಅವರ ಮೇಜಿನ ಗಾಜಿನ ಕೆಳಗಿದೆ.

ಧಾರಾವಾಹಿಯ ಹೆಸರು ‘ಕೆರೆ ಕಡೆ ಕಿಟಕಿ’. ಕೆರೆಯ ಪಕ್ಕದ ಮೂರಂತಸ್ತಿನ ಕಟ್ಟಡ. ನೆಲಮಹಡಿಯಲ್ಲಿ ಬಾಯಿ ಮುಚ್ಚದ ಟೈಲರ್, ನಡುವೆ ಎಲ್ಲರ ಮೇಲೂ ಎಗರುವ ಮನೆ ಓನರ್, ಮೇಲೆ ಒಬ್ಬ ಅಜ್ಜಿ ಮತ್ತು ಆಕೆಯ ಸೊಸೆ. ಹತ್ತೊಂಬತ್ತು ವರ್ಷಗಳಿಂದ ಈ ನಾಲ್ವರು ವಾರಕ್ಕೆ ಇಪ್ಪತ್ತು ನಿಮಿಷ ಜಗಳವಾಡುತ್ತಿದ್ದಾರೆ. ಜಗಳದ ವಿಷಯ ನೀರಿನ ಟ್ಯಾಂಕು, ಕಸದ ಡಬ್ಬಿ, ಕಿಟಕಿಗೆ ಅಡ್ಡ ಬರುವ ಮರದ ಕೊಂಬೆ, ಮೋರಿ, ಸೊಳ್ಳೆ, ಗುಬ್ಬಿ ಗೂಡು. ನಗು ಬರದ ಕಂತು ಬಹಳ ಕಡಿಮೆ. ನಿಲಯದ ಕಾರ್ಯಕ್ರಮಗಳಲ್ಲಿ ಅತಿ ಹೆಚ್ಚು ಜನ ಕೇಳುವುದು ಇದನ್ನೇ ಎಂಬುದು ಸತತ ಹದಿಮೂರು ವರ್ಷಗಳ ಸಮೀಕ್ಷೆಗಳಲ್ಲಿ ದಾಖಲಾಗಿದೆ.

ಇದು ಶುರುವಾದದ್ದು ಒಂದು ಅವಮಾನದಿಂದ. ಅದಕ್ಕೂ ಮೊದಲು ಅವರ ಪಾಲಿಗೆ ಬಂದಿದ್ದುದು ‘ಪರಿಸರ ಚಿಂತನ’ ಎಂಬ ಅರ್ಧ ಗಂಟೆಯ ಭಾಷಣ. ಪ್ರತಿ ವಾರ ಒಬ್ಬ ವಿದ್ವಾಂಸರು ಬಂದು, ಗಂಟಲು ಸರಿಮಾಡಿಕೊಂಡು, ಮನುಕುಲ ಎಲ್ಲಿಗೆ ಹೋಗುತ್ತಿದೆ ಎಂದು ಕೇಳಿ ಹೋಗುತ್ತಿದ್ದರು. ಒಮ್ಮೆ ಟೇಪುಗಳ ಲೇಬಲ್ ಅದಲು ಬದಲಾಗಿ ಒಂದೇ ಭಾಷಣ ಸತತ ಮೂರು ವಾರ ಪ್ರಸಾರವಾಯಿತು. ಗೊತ್ತಾದಾಗ ಅವರು ಪತ್ರಗಳ ಡಬ್ಬಿ ನೋಡಿದರು. ಒಂದು ಪತ್ರವೂ ಬಂದಿರಲಿಲ್ಲ. ದೂರವಾಣಿಯವರನ್ನು ಕೇಳಿದರು. ಒಂದು ಕರೆಯೂ ಬಂದಿರಲಿಲ್ಲ. ಭಾಷಣ ಮಾಡಿದ್ದ ವಿದ್ವಾಂಸರೂ ಕೇಳಿಸಿಕೊಂಡಿರಲಿಲ್ಲ.

“ಬೈದಿದ್ರೆ ಎಷ್ಟೋ ಸಮಾಧಾನ ಇರ್ತಿತ್ತು,” ಎನ್ನುತ್ತಾರೆ ಅವರು. “ಪರಿಸರ ಅಂದ ಕೂಡ್ಲೇ ಜನ ಸರಸರ ಎದ್ದು ಹೋಗಿದ್ರು. ನಾವು ಖಾಲಿ ಮನೆಗೆ ಮಾತಾಡ್ತಾ ಇದ್ವಿ.”

ಹೊಸ ಧಾರಾವಾಹಿಯ ಮೊದಲ ದಿನವೇ ಅವರು ಒಂದು ಕಟ್ಟಳೆ ಮಾಡಿದರು. ‘ಪರಿಸರ’ ಎಂಬ ಪದ ಸ್ಕ್ರಿಪ್ಟಿನಲ್ಲಿ ಬರಕೂಡದು. ‘ಜಾಗೃತಿ’, ‘ಸಂರಕ್ಷಣೆ’ಗಳಿಗೂ ಅದೇ ಗತಿ. ಬರೆದವರು ಯಾರೇ ಆಗಲಿ, ಇಡೀ ತಂಡಕ್ಕೆ ಟೀ ಮಾಡಿಕೊಡಬೇಕು. ಹತ್ತೊಂಬತ್ತು ವರ್ಷಗಳಲ್ಲಿ ಆ ಪದ ಧಾರಾವಾಹಿಯಲ್ಲಿ ಒಮ್ಮೆಯೂ ಕೇಳಿಬಂದಿಲ್ಲ. ಏಳು ವರ್ಷದ ಹಿಂದೆ ಧಾರಾವಾಹಿಗೆ ದೊಡ್ಡ ಪ್ರಶಸ್ತಿಯೊಂದು ಬಂತು. ಪ್ರಶಸ್ತಿ ಪತ್ರವನ್ನು ತಂಡದವರು ಸುತ್ತ ನಿಂತು ಓದಿದರು, ಬೆರಳು ಮಡಚಿ ಎಣಿಸಿದರು. ಆ ಪದ ಒಂಬತ್ತು ಸಲ ಇತ್ತು. ನಿರ್ಮಾಪಕಿ ಆ ವಾರ ಒಂಬತ್ತು ಸಲ ಟೀ ಮಾಡಿದರು.

ಕಪ್ಪೆಯ ಕಟ್ಟಳೆ ಹುಟ್ಟಿದ್ದು ಪ್ರಶಸ್ತಿಗೂ ಮೊದಲು, ಧಾರಾವಾಹಿ ಎಂಟು ವರ್ಷ ಓಡಿದ್ದಾಗ. ಅಲ್ಲಿಯವರೆಗೆ ಅಜ್ಜಿಯ ಕಿಟಕಿಯಾಚೆ ಕೂಗುತ್ತಿದ್ದ ಕಪ್ಪೆ ನಿಲಯದ ಶಬ್ದ ಸಂಗ್ರಹದ ಧ್ವನಿತಟ್ಟೆಯೊಂದರಿಂದ ಬಂದದ್ದು. ತಟ್ಟೆಯ ಮೇಲೆ ‘ಕಪ್ಪೆ, ಕೆರೆ’ ಎಂದಷ್ಟೇ ಇತ್ತು. ಗಂಭೀರವಾಗಿ, ದಪ್ಪ ದನಿಯಲ್ಲಿ, ಪಾಠದ ಪುಸ್ತಕದಲ್ಲಿ ಬರೆದ ಹಾಗೆಯೇ ‘ವಟ, ವಟ’ ಎನ್ನುತ್ತಿತ್ತು. ಯಾರಿಗೂ ಅನುಮಾನ ಬರಲಿಲ್ಲ. ಕಪ್ಪೆ ಎಂದರೆ ವಟಗುಟ್ಟುವುದು, ಇನ್ನೇನು?

ಒಂದು ಶುಕ್ರವಾರ ಮಧ್ಯಾಹ್ನ ಫೋನು ಬಂತು. ಮಾತಾಡಿದವರು ಕೆರೆ ಪಕ್ಕದ ಪಂಪ್‌ಹೌಸಿನ ಆಪರೇಟರ್.

“ಮೇಡಂ, ನಿಮ್ಮ ಕಪ್ಪೆ ಎಲ್ಲಿಯದು?”

“ಕೆರೆಯದು.”

“ಯಾವ ಕೆರೆಯದು? ಹದಿನಾಲ್ಕು ವರ್ಷದಿಂದ ಈ ಕೆರೆ ಪಕ್ಕ ಕೂತಿದೀನಿ. ಅದು ನಮ್ಮ ಕಪ್ಪೆ ಅಲ್ಲ. ನಮ್ಮದು ವಟಗುಟ್ಟೋದೇ ಇಲ್ಲ.”

“ಕಪ್ಪೆ ಅಂದ್ಮೇಲೆ ವಟಗುಟ್ಟಲೇಬೇಕಲ್ರೀ?”

“ವಟಗುಟ್ಟೋದು ನಾನು ಅಂತ ನಮ್ಮನೆಯವಳು ಹೇಳ್ತಾಳೆ. ಕಪ್ಪೆ ಪಾಪ ಹಾಗಲ್ಲ. ಬಂದು ಕೇಳಿ ಬೇಕಾದ್ರೆ.”

ಮರುದಿನ ಸಂಜೆ ಅವರು ಹೋದರು. ಪಂಪ್‌ಹೌಸಿನ ಹಿಂದೆ ಕೆಸರಿನ ದಡ, ಮೊಣಕಾಲೆತ್ತರದ ಹುಲ್ಲು. ಆಪರೇಟರ್ ಹತ್ತು ನಿಮಿಷ ಮೋಟರ್ ನಿಲ್ಲಿಸಿದರು. ಮೊದಲು ಒಂದು ಕೂಗಿತು. ಬಾಚಣಿಗೆಯ ಹಲ್ಲುಗಳ ಮೇಲೆ ಉಗುರೆಳೆದಂಥ ಸದ್ದು, ತೆಳ್ಳಗೆ, ಕರಕರ ಎಂದು. ಆಮೇಲೆ ಎದುರು ದಡದಿಂದ ಇನ್ನೊಂದು. ಆಮೇಲೆ ನೂರಾರು ಬಾಚಣಿಗೆಗಳು. ನಿರ್ಮಾಪಕಿ ರೆಕಾರ್ಡರಿನ ಗುಂಡಿ ಒತ್ತುವುದನ್ನೇ ಮರೆತು ನಿಂತಿದ್ದರು. ಎಂಟು ವರ್ಷ ಅವರು ಊರಿಗೆಲ್ಲ ಕೇಳಿಸಿದ್ದು ಯಾವುದೋ ಖಂಡದ ಯಾವುದೋ ಕೊಳದ ಕಪ್ಪೆಯನ್ನು. ಕೆರೆಯಿಂದ ಅರ್ಧ ಮೈಲಿ ದೂರದಲ್ಲಿ ಬೆಳೆದವರು ಅವರು. ಅವರ ಕಿವಿಗೂ ಅದು ಸರಿಯೆಂದೇ ತೋರಿತ್ತು.

ಮುಂದಿನ ಕಂತಿನಲ್ಲಿ ಅಜ್ಜಿಯ ಬಾಯಲ್ಲಿ ತಪ್ಪೊಪ್ಪಿಗೆ ಬಂತು. “ಕೇಳಿದ್ಯೇನೇ? ಎಂಟು ವರ್ಷದಿಂದ ಈ ರೇಡಿಯೋದವ್ರು ನಮ್ಮ ಕಿಟಕಿ ಹೊರಗೆ ಯಾರೋ ಪರದೇಸಿ ಕಪ್ಪೇನ ಇಟ್ಟಿದ್ರಂತೆ! ಅದಕ್ಕೇ ನಂಗೆ ಅದು ಹೇಳೋದು ಒಂದೂ ಅರ್ಥ ಆಗ್ತಿರಲಿಲ್ಲ.” ಆಮೇಲೆ ಕೆರೆಯ ಕಪ್ಪೆಗಳು, ಹದಿನೆಂಟು ಸೆಕೆಂಡು, ಮಾತಿಲ್ಲದೆ. ಆ ವಾರ ಬಂದಷ್ಟು ಕರೆಗಳು ಅದಕ್ಕೂ ಮೊದಲು ಬಂದಿರಲಿಲ್ಲ. ಹೆಚ್ಚಿನವರು ಹೇಳಿದ್ದು ಒಂದೇ ಮಾತು: ಇದನ್ನು ನಾವು ಕೇಳಿದ್ದೇವೆ, ಕಪ್ಪೆ ಎಂದು ಗೊತ್ತಿರಲಿಲ್ಲ.

ಅಂದಿನಿಂದ ಎರಡನೇ ಸ್ಟುಡಿಯೋದ ಗಾಜಿನ ಮೇಲೆ ಒಂದು ಚೀಟಿ ಅಂಟಿದೆ: ‘ಈ ಜಾಗದ ಶಬ್ದ, ಈ ವರ್ಷದ ಶಬ್ದ.’ ಕಾಗೆ, ಮೋರಿ, ಒಣಗಿದ ಎಲೆಯ ಮೇಲಿನ ಕಾಲ್ಸಪ್ಪಳ, ಗಾಳಿಗೆ ಬಡಿದುಕೊಳ್ಳುವ ಕಬ್ಬಿಣದ ಗೇಟು, ಎಲ್ಲಕ್ಕೂ ಅದೇ ಕಟ್ಟಳೆ. ಪ್ರತಿ ವರ್ಷ ಹೊಸದಾಗಿ ದಾಖಲಿಸಬೇಕು. ಹಳೆಯದನ್ನು ಎತ್ತಿಡಬಹುದು, ಹಾಕಬಾರದು. ಕಪಾಟಿನಲ್ಲಿ ಈಗ ಆರುನೂರ ನಲವತ್ತು ದಾಖಲೆಗಳಿವೆ. ಪ್ರತಿಯೊಂದರ ಬೆನ್ನಿನ ಮೇಲೂ ದಿನಾಂಕ, ಗಂಟೆ, ಗಾಳಿಯ ದಿಕ್ಕು. ಕೇಳುಗರ ಕಿವಿಯೂ ಅಷ್ಟಕ್ಕೆ ತಕ್ಕಂತೆ ಹರಿತವಾಗಿದೆ. ಒಮ್ಮೆ ಕಂತೊಂದರಲ್ಲಿ ಕಾಗೆಮರಿಯ ಕೂಗು ತಿಂಗಳು ತಪ್ಪಿ ಬಂದಾಗ, ಹೊಲಿಗೆ ಯಂತ್ರ ರಿಪೇರಿ ಮಾಡುವವರೊಬ್ಬರು ಕಾರ್ಡು ಬರೆದು ‘ಈ ತಿಂಗಳಲ್ಲಿ ಮರಿ ಎಲ್ಲಿಂದ ಬಂತು, ಕಾಗೆಗೇನು ಎರಡನೇ ಬಾಣಂತನವೋ’ ಎಂದು ಕೇಳಿದ್ದರು. ಆ ಕಾರ್ಡನ್ನು ನಿರ್ಮಾಪಕಿ ಪ್ರಶಸ್ತಿ ಪತ್ರಕ್ಕಿಂತ ಮೇಲಿನ ಮೊಳೆಗೆ ನೇತುಹಾಕಿದ್ದಾರೆ.

ಮಂಗಳವಾರ ಹಾಳೆ ಹಿಡಿದುಕೊಂಡು ಅವರು ನಿಲಯದ ಮುಖ್ಯಸ್ಥರ ಕೋಣೆಗೆ ಹೋದರು. ಮುಖ್ಯಸ್ಥರು ಅವರಿಗಿಂತ ಹದಿನೈದು ವರ್ಷ ಚಿಕ್ಕವರು, ಮೃದು ಮಾತಿನವರು, ಮೇಜಿನ ಮೇಲೆ ಒಂದು ಕಾಗದವೂ ಉಳಿಯದಂತೆ ಕೆಲಸ ಮಾಡುವವರು.

“ಹೋದ ವರ್ಷದ್ದು ಇದೆಯಲ್ಲ ಮೇಡಂ, ಅದನ್ನೇ ಹಾಕಿ. ಯಾರಿಗೆ ಗೊತ್ತಾಗುತ್ತೆ?”

“ನಂಗೆ ಗೊತ್ತಾಗುತ್ತೆ. ಪಂಪ್‌ಹೌಸಿನವರಿಗೆ ಗೊತ್ತಾಗುತ್ತೆ.”

“ಹಾಗಾದ್ರೆ ಆ ಸಾಲು ತೆಗೆದುಬಿಡಿ.”

“ಹನ್ನೊಂದು ವರ್ಷ ಕೇಳಿಸಿದೀವಿ ಸರ್. ಕೂಗಿದಾಗ ಕೇಳಿಸಿ, ಕೂಗದೆ ಇದ್ದಾಗ ಸುಮ್ಮನೆ ಜಾರಿಕೊಂಡ್ರೆ ಹೇಗೆ? ಈ ವರ್ಷ ಕೆರೆ ಹೇಗಿದೆಯೋ ಹಾಗೆ ಹಾಕ್ತೀನಿ. ಹದಿನೆಂಟು ಸೆಕೆಂಡು.”

“ಅಂದ್ರೆ ಮೌನ.”

“ಮೌನ ಅಂತಲ್ಲ. ಕಪ್ಪೆ ಇಲ್ಲದ ಕೆರೆ.”

“ಗಂಟೆಗೆ ಅದೆಲ್ಲ ಗೊತ್ತಾಗುತ್ತಾ ಮೇಡಂ?”

ಗಂಟೆ ಎಂದರೆ ನಿಲಯದವರೆಲ್ಲ ಹೆದರುವ ಉಪಕರಣ. ಊರಾಚೆ ಗುಡ್ಡದ ಮೇಲಿನ ಪ್ರಸಾರ ಕೇಂದ್ರದಲ್ಲಿ ಅದು ಇದೆ. ಹನ್ನೆರಡು ಸೆಕೆಂಡು ಸದ್ದು ನಿಂತರೆ ಏನೋ ಕೆಟ್ಟಿದೆ ಎಂದುಕೊಂಡು ತಾನೇ ಬಡಿದುಕೊಳ್ಳುತ್ತದೆ, ಕಾರ್ಯಕ್ರಮವನ್ನು ಕತ್ತರಿಸಿ ಪಿಟೀಲಿನ ತುಣುಕೊಂದನ್ನು ಹಾಕುತ್ತದೆ, ಕೇಂದ್ರ ಕಚೇರಿಗೆ ವರದಿಯನ್ನೂ ಕಳಿಸುತ್ತದೆ. ಅಂಥ ವರದಿ ಹೋದರೆ ವಿಚಾರಣೆ ಮುಗಿಯುವವರೆಗೆ ಆ ಕಾರ್ಯಕ್ರಮ ನಿಲ್ಲಬೇಕು. ಹಿಂದೊಮ್ಮೆ ಗಾಯನದ ಕಾರ್ಯಕ್ರಮವೊಂದು ಹೀಗೆ ನಿಂತದ್ದು ಮತ್ತೆ ಶುರುವಾಗಲೇ ಇಲ್ಲ. ವಿಚಾರಣಾಧಿಕಾರಿ ನಿವೃತ್ತರಾದರು, ಕಡತ ಎಲ್ಲಿ ಹೋಯಿತೋ. ಕೆರೆಯ ಸದ್ದು ಗಂಟೆಗೆ ಕೇಳಿಸದಷ್ಟು ಸಣ್ಣದು. ದನಿ ಏರಿಸಿ ಗಂಟೆಯನ್ನು ಸುಮ್ಮನಾಗಿಸಬಹುದಿತ್ತು. ಆಗ ದೂರದ ವಾಹನಗಳು ಕಿಟಕಿಯೊಳಗೇ ಬಂದಂತೆ ಕೇಳುತ್ತಿದ್ದವು. ಅದೂ ಸುಳ್ಳೇ.

“ಹತ್ತೊಂಬತ್ತು ವರ್ಷದ ಧಾರಾವಾಹಿ ಮೇಡಂ,” ಎಂದರು ಮುಖ್ಯಸ್ಥರು. “ಹದಿನೆಂಟು ಸೆಕೆಂಡಿಗೋಸ್ಕರ ಕಳ್ಕೊಳ್ತೀರಾ?”

ನಿರ್ಮಾಪಕಿ ಅನುಮತಿ ಕೋರಿ ನಾಲ್ಕು ಸಾಲಿನ ಟಿಪ್ಪಣಿ ಬರೆದು ಮೇಜಿನ ಮೇಲಿಟ್ಟು ಬಂದರು.

ಮಧ್ಯಾಹ್ನ ಕೆರೆಗೆ ಹೋದರು. ಪಂಪ್ ಆಪರೇಟರ್ ಈಗ ಮೇಲ್ವಿಚಾರಕರಾಗಿದ್ದಾರೆ, ಆದರೆ ಕೂರುವುದು ಅದೇ ಮುರುಕು ಕುರ್ಚಿಯಲ್ಲಿ. ಕೆರೆಯ ಸುತ್ತ ಎರಡು ವರ್ಷದ ಹಿಂದೆ ನಡಿಗೆಯ ದಾರಿಯಾಗಿದೆ: ದಡದುದ್ದಕ್ಕೂ ಕಲ್ಲಿನ ಗೋಡೆ, ಹೊಳೆಯುವ ಕಟಾಂಜನ, ಹತ್ತು ಹೆಜ್ಜೆಗೊಂದು ದೀಪ. ಕೆಸರಿಲ್ಲ, ಹುಲ್ಲಿಲ್ಲ.

“ಹೋದ ವರ್ಷವೇ ಅರ್ಧಕ್ಕರ್ಧ ಕಮ್ಮಿ ಆಗಿತ್ತು,” ಎಂದರು ಆಪರೇಟರ್. “ನಿಮ್ಮ ಮೈಕಿಗೆ ಸಿಕ್ಕಿದ್ದು ಅದೃಷ್ಟ. ಕಲ್ಲು ಕಟ್ಟಿದ್ರೆ ಅದು ಎಲ್ಲಿ ಕೂತ್ಕೊಂಡು ಕೂಗ್ಬೇಕು, ಬೆಂಚಿನ ಮೇಲಾ?”

“ಕಲ್ಲು ಹಾಕಿದಾಗ ನೀವ್ಯಾಕೆ ಫೋನ್ ಮಾಡ್ಲಿಲ್ಲ?”

“ಮಾಡೋಣ ಅಂತಿದ್ದೆ. ಅಷ್ಟರಲ್ಲಿ ನಿಮ್ಮ ಟೈಲರ್ ಹೊಸ ಶೂ ಹಾಕ್ಕೊಂಡು ಇಲ್ಲಿ ವಾಕಿಂಗ್ ಬಂದ್ನಲ್ಲ ಮೇಡಂ. ಓನರೂ ಅವನೂ ಎಷ್ಟು ಹೊಗಳಿದ್ರು! ಇವ್ರಿಗೇ ಇಷ್ಟ ಆಗಿದೆ, ನಂದೇನು ನಡುವೆ ಅಂತ ಸುಮ್ಮನಾದೆ.”

ಆ ಕಂತನ್ನು ಬರೆದವರು ನಿರ್ಮಾಪಕಿಯೇ. ಉದ್ಘಾಟನೆಯ ವಾರ, ಊರಿನ ಖುಷಿಯ ಜತೆ ಓಡಲೆಂದು ಎರಡೇ ದಿನದಲ್ಲಿ ಬರೆದದ್ದು; ಆ ವರ್ಷದ ಜನಪ್ರಿಯ ಕಂತುಗಳಲ್ಲೊಂದು. ಹೊಸ ಕಲ್ಲಿನ ಮೇಲೆ ಶೂಗಳ ಟಕಟಕ ಸದ್ದನ್ನು ಅವರು ಇದೇ ದಡದಲ್ಲಿ ದಾಖಲಿಸಿದ್ದರು. ಈ ಜಾಗದ, ಆ ವರ್ಷದ ಶಬ್ದ. ಕಟ್ಟಳೆ ಮುರಿದಿರಲಿಲ್ಲ. ಕಾಲ ಕೆಳಗೆ ಏನಿತ್ತು ಎಂದು ಮಾತ್ರ ನೋಡಿರಲಿಲ್ಲ.

ಅವರು ಕಟಾಂಜನ ಹಿಡಿದು ಬಗ್ಗಿ ಕೆಳಗಿನ ಕಲ್ಲನ್ನು ನೋಡಿದರು. “ಸರಿ ಹಾಗಾದ್ರೆ,” ಎಂದರು, “ಮೌನ ಪ್ರಸಾರಕ್ಕೆ ಹೋಗಲೇಬೇಕು.”

ಮನೆಯಲ್ಲಿ ಅವರ ಧಾರಾವಾಹಿಯ ಅತಿ ಕಠಿಣ ಕೇಳುಗರಿದ್ದಾರೆ: ಅತ್ತೆ, ಎಂಬತ್ತೆರಡು ವರ್ಷ. ಸೊಸೆ ತಮ್ಮ ಮಾತುಗಳನ್ನು ಕದ್ದು ರೇಡಿಯೋ ಅಜ್ಜಿಯ ಬಾಯಿಗೆ ಹಾಕುತ್ತಾಳೆ ಎಂಬುದು ಅವರ ಹಳೆಯ ದೂರು. ದೂರು ನಿಜ. ಆ ರಾತ್ರಿಯ ಊಟಕ್ಕೆ ಮೊದಲು ನಿರ್ಮಾಪಕಿ ತಟ್ಟೆಗಳನ್ನು ಇಡುತ್ತಾ ಕೆರೆಯ ವಿಷಯ ಹೇಳಿದರು. ಕನ್ನಡಕ ತಯಾರಿಸುವ ಗಂಡ ಮಸೂರವೊಂದನ್ನು ಒರೆಸುತ್ತಾ ಕೇಳಿಸಿಕೊಂಡರು. ಅತ್ತೆ ಹೇಳಿದರು:

“ಕಿಟಕಿ ತೆಗೆದ್ರೂ ಕೇಳಿಸಲಿಲ್ಲ ಅಂದ್ರೆ ನಾನಾದ್ರೆ ಇನ್ನೊಂದ್ಸಲ ತೆಗಿ ಅಂತಿದ್ದೆ.”

“ತೆಗೆದಿರೋ ಕಿಟಕೀನ ಮತ್ತೆ ಹೇಗತ್ತೆ ತೆಗೆಯೋದು?”

“ಅದು ನಿನ್ನ ಕೆಲಸ. ನಾನು ಅತ್ತೆ, ಹೇಳೋದಷ್ಟೇ. ಈಗ್ಲೇ ಬರ್ಕೊಂಡುಬಿಡು, ಆಮೇಲೆ ನಂದೇ ಅಂತೀಯ.”

ನಿರ್ಮಾಪಕಿ ಬರೆದುಕೊಂಡರು.

ಬುಧವಾರ ಬೆಳಿಗ್ಗೆ ಟಿಪ್ಪಣಿ ಮರಳಿ ಬಂದಿತ್ತು. ಅಂಚಿನಲ್ಲಿ ಮುಖ್ಯಸ್ಥರು ಒಂದೇ ಪದ ಬರೆದು ಸಹಿ ಹಾಕಿದ್ದರು: ‘ನೋಡಿದೆ.’ ಒಪ್ಪಿದೆ ಎಂದಿಲ್ಲ, ಬೇಡ ಎಂದಿಲ್ಲ. ಅದನ್ನೇ ಕೈಯಲ್ಲಿ ಹಿಡಿದು ಅವರು ಗುಡ್ಡದ ಮೇಲಿನ ಪ್ರಸಾರ ಕೇಂದ್ರದ ಬಸ್ ಹತ್ತಿದರು. ಅಲ್ಲಿನ ಎಂಜಿನಿಯರ್ ಮೂರು ದಶಕಗಳಿಂದ ಆ ಗಂಟೆಯ ಪಕ್ಕದಲ್ಲೇ ಊಟ ಮಾಡಿದವರು.

“ಮೇಡಂ, ಮೌನ ಬರದ ಹಾಗೆ ನೋಡ್ಕೊಳ್ಳೋಕೆ ನಂಗೆ ಸಂಬಳ. ನೀವು ಬಂದು ಮೌನ ಕಳಿಸ್ತೀನಿ, ದಾರಿ ಬಿಡು ಅಂತೀರಲ್ಲ.”

“ಹದಿನೆಂಟೇ ಸೆಕೆಂಡು.”

“ಹನ್ನೊಂದು ಮಾಡಿ. ಗಂಟೆಗೂ ಗೊತ್ತಾಗಲ್ಲ, ನಿಮ್ಮ ಹಟಾನೂ ಉಳಿಯುತ್ತೆ.”

“ಕೂಗ್ತಿದ್ದಾಗ ಹದಿನೆಂಟು ಕೊಟ್ಟಿದೀವಿ. ಈಗ ಕೂಗೋಕೆ ಯಾರೂ ಇಲ್ಲ ಅಂತ ಹನ್ನೊಂದು ಕೊಡೋದಾ?”

ಎಂಜಿನಿಯರ್ ಟಿಪ್ಪಣಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಿಂಬದಿಯಲ್ಲೂ ಏನೂ ಇರಲಿಲ್ಲ.

“ನೋಡಿದೆ,” ಎಂದು ಓದಿದರು. “ನೋಡಿಯೂ ಬೇಡ ಅಂದಿಲ್ಲ. ಅಂದ್ರೆ ಬೇಡ ಅಂದಿಲ್ಲ.” ಗಂಟೆಯ ಕೀಲಿಕೈ ಅವರ ಜೇಬಿನಲ್ಲಿತ್ತು. “ನಾಳೆ ಆ ಹೊತ್ತಿಗೆ ಗಂಟೆ ನಿಲ್ಸಿ ನಾನೇ ಸ್ವಿಚ್ ಮೇಲೆ ಕೈ ಇಟ್ಕೊಂಡು ಕೂತಿರ್ತೀನಿ. ನಿಜವಾಗ್ಲೂ ಏನಾದ್ರೂ ಕೆಟ್ರೆ ನಾನೇ ಗಂಟೆ. ಆದ್ರೆ ನಿಲ್ಸಿದೀನಿ ಅಂತ ವರದಿ ತಾನಾಗೇ ಹೋಗುತ್ತೆ. ಅದನ್ನ ತಡೆಯೋಕೆ ನನ್ನ ಕೈಲಾಗಲ್ಲ.”

“ಹೋಗ್ಲಿ ಬಿಡಿ.”

ಅಂದು ಸಂಜೆ ಕಂತು ಧ್ವನಿಮುದ್ರಣವಾಯಿತು. ಹತ್ತೊಂಬತ್ತು ವರ್ಷಗಳಿಂದ ಅಜ್ಜಿಯ ಪಾತ್ರ ಮಾಡುತ್ತಿರುವವರು ದೂರವಾಣಿ ವಿನಿಮಯ ಕೇಂದ್ರದಿಂದ ನಿವೃತ್ತರಾದ ಆಪರೇಟರ್. ಮೌನ ಕಾಯುವುದು ಅವರಿಗೆ ಗೊತ್ತು. ಆ ಕಡೆ ಯಾರಾದರೂ ಎತ್ತುತ್ತಾರೇನೋ ಎಂದು ಮೂವತ್ತು ವರ್ಷ ಕಾದವರು. ಒಂದೇ ಸಲಕ್ಕೆ ಸರಿಯಾಯಿತು. ಇನ್ನೊಮ್ಮೆ ತೆಗೆಯೋಣವೇ ಎಂದು ಯಾರೂ ಕೇಳಲಿಲ್ಲ.

ಗುರುವಾರ ಆರು ಗಂಟೆ ನಲವತ್ತೊಂದು ನಿಮಿಷಕ್ಕೆ ಪ್ರಸಾರವಾದದ್ದು ಹೀಗಿತ್ತು. ಕಿಟಕಿಯ ಚಿಲಕ ಸರಿಯುವ ಸದ್ದು. ಆಮೇಲೆ ಗಾಳಿ, ದೂರದಲ್ಲೊಂದು ವಾಹನ, ಇಷ್ಟೇ. ಒಂದರಿಂದ ಹದಿನೆಂಟರವರೆಗೆ. ಆಮೇಲೆ:

“ಕಿಟಕಿ ತೆಗೆದ್ಯೇನೇ?”

“ತೆಗೆದಿದೀನಿ ಅತ್ತೆ.”

“ಹಾಗಾದ್ರೆ ಇನ್ನೊಂದ್ಸಲ ತೆಗಿ.”

ಕಂತು ಅಲ್ಲಿಗೆ ನಿಲ್ಲಲಿಲ್ಲ. ಉಳಿದ ಎಂಟು ನಿಮಿಷ ಟೈಲರ್ ಮತ್ತು ಓನರ್ ಯಾರ ಶೂ ಸದ್ದಿಗೆ ಕಪ್ಪೆ ಓಡಿಹೋಯಿತು ಎಂದು ಕಿತ್ತಾಡಿದರು. ಇಬ್ಬರೂ ಹೊಸ ದಾರಿಯನ್ನು ತಾವು ಹೊಗಳಿಯೇ ಇರಲಿಲ್ಲ ಎಂದು ಸಾಧಿಸಿದರು. ಅಜ್ಜಿ ಎರಡು ವರ್ಷದ ಹಿಂದೆ ಅವರು ಆಡಿದ ಮಾತುಗಳನ್ನು ಅಕ್ಷರಶಃ ಒಪ್ಪಿಸಿದಳು. ಆ ಮಾತುಗಳನ್ನು ನಿರ್ಮಾಪಕಿ ಹಳೆಯ ಸ್ಕ್ರಿಪ್ಟಿನಿಂದಲೇ ಎತ್ತಿದ್ದರು, ಒಂದಕ್ಷರ ಬದಲಿಸದೆ.

ಮನೆಯಲ್ಲಿ ಹದಿನೆಂಟು ಸೆಕೆಂಡಿನ ನಡುವೆ ಅತ್ತೆ ಎದ್ದು ರೇಡಿಯೋದ ನೆತ್ತಿಗೆ ಎರಡು ಬಿಟ್ಟರಂತೆ. ವಿಷಯ ಮೊದಲೇ ಗೊತ್ತಿದ್ದೂ ಯಾಕೆ ಹೊಡೆದಿರಿ ಎಂದು ಮಗ ಕೇಳಿದ್ದಕ್ಕೆ, “ಗೊತ್ತಿತ್ತು, ಆದ್ರೆ ತಡ್ಕೊಳ್ಳೋಕಾಗ್ಲಿಲ್ಲ,” ಎಂದರು.

ನಿಲಯಕ್ಕೆ ಮೊದಲು ಬಂದ ಒಂಬತ್ತು ಕರೆಗಳು ಬೈಗುಳ: ಪ್ರಸಾರ ನಿಂತಿತ್ತು, ನಿಮಗೆ ಹೇಳುವವರು ಕೇಳುವವರು ಇಲ್ಲವೇ? ಹತ್ತನೆಯದರಿಂದ ದನಿ ಬದಲಾಯಿತು. ರಾತ್ರಿ ಎಂಟರ ಹೊತ್ತಿಗೆ ಇನ್ನೂರ ಹನ್ನೆರಡು ಕರೆಗಳಾಗಿದ್ದವು. ದೂರವಾಣಿಯವರು ಸಾಲದೆ ಲೆಕ್ಕಪತ್ರ ವಿಭಾಗದವರೂ ಕೂತು ಎತ್ತಿದರು. ನಿರ್ಮಾಪಕಿ ಎಲ್ಲರ ಕೈಗೂ ಒಂದೇ ಪ್ರಶ್ನೆ ಕೊಟ್ಟಿದ್ದರು: ನಿಮ್ಮ ಮನೆ ಹತ್ತಿರ ಕೂಗುತ್ತಿದೆಯೇ? ನೂರ ತೊಂಬತ್ತು ಜನ ಇಲ್ಲ ಎಂದರು. ಅವರಲ್ಲಿ ಅನೇಕರು ಕೇಳಿನೋಡಲು ಹೊರಗೆ ಹೋಗಿ ಬಂದು ಇಲ್ಲ ಎಂದಿದ್ದರು. ಬಸ್ ಡಿಪೋದ ಟೈರ್ ವಿಭಾಗದ ಮೆಕ್ಯಾನಿಕ್ ಒಬ್ಬರು ಮಾತಾಡಲೇ ಇಲ್ಲ. “ಒಂದ್ನಿಮಿಷ ಇರಿ,” ಎಂದು ಫೋನನ್ನು ಕಿಟಕಿಯಾಚೆ ಹಿಡಿದರು. ಡಿಪೋ ಹಿಂದಿನ ಹೊಂಡದಲ್ಲಿ, ಬಿಸಾಡಿದ ಟೈರುಗಳ ನಡುವೆ, ಬಾಚಣಿಗೆಗಳು. ಲೆಕ್ಕಪತ್ರದ ಗುಮಾಸ್ತೆ ಫೋನಿನ ಬಾಯಿಗೆ ಕೈ ಮುಚ್ಚಿ ಕಿರುಚಿದಳು: “ಮೇಡಂ, ಓಡಿ ಬನ್ನಿ, ನಿಮ್ಮವರು!”

ಸೋಮವಾರ ಕೇಂದ್ರ ಕಚೇರಿಯ ಪತ್ರ ಬಂತು. ಗಂಟೆ ನಿಲ್ಲಿಸಿದ್ದು ಯಾಕೆ, ಪ್ರಸಾರದಲ್ಲಿ ಹದಿನೆಂಟು ಸೆಕೆಂಡಿನ ಲೋಪವಾಗಿದ್ದು ಹೇಗೆ, ಉತ್ತರ ಬರುವವರೆಗೆ ಧಾರಾವಾಹಿಯನ್ನೇಕೆ ನಿಲ್ಲಿಸಬಾರದು ಎಂದು ಕೇಳಿತ್ತು. ನಿರ್ಮಾಪಕಿ ಅದೇ ದಿನ ಒಂದು ಸಾಲಿನ ಉತ್ತರ ಬರೆದರು: ‘ಲೋಪವಾಗಿರುವುದು ಪ್ರಸಾರದಲ್ಲಲ್ಲ, ಕೆರೆಯಲ್ಲಿ, ಪ್ರಸಾರ ಅದನ್ನು ಸರಿಯಾಗಿ ತಲುಪಿಸಿದೆ.’ ಉತ್ತರದ ಜತೆ ಹನ್ನೊಂದು ವರ್ಷಗಳ ಕಪ್ಪೆಯ ದಾಖಲೆಗಳನ್ನೂ ಈ ವರ್ಷದ ಮೂರು ಸಂಜೆಗಳನ್ನೂ ದಿನಾಂಕ ಸಮೇತ ಇಟ್ಟರು. ಮುಖ್ಯಸ್ಥರು ಅವೆಲ್ಲವನ್ನೂ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಕೇಳಿದರು. ನಲವತ್ತು ನಿಮಿಷ ಹೊರಗೆ ಬರಲಿಲ್ಲ. ಆಮೇಲೆ ಉತ್ತರದ ಅಂಚಿನಲ್ಲಿ ‘ಒಪ್ಪಿದೆ’ ಎಂದು ಬರೆದು, ದಪ್ಪಗೆ ಗೆರೆ ಎಳೆದು ಕಳಿಸಿದರು.

ಕೇಂದ್ರ ಕಚೇರಿ ಎರಡು ವಾರ ತೆಗೆದುಕೊಂಡಿತು. ವಿಚಾರಣೆ ಬೇಡವೆಂದಿತು. ಕೆರೆಯ ದಾರಿ ಮಾಡಿಸಿದ ಉದ್ಯಾನ ಇಲಾಖೆಯವರು ಹನ್ನೊಂದು ವರ್ಷಗಳ ದಾಖಲೆಯ ಪ್ರತಿ ಕೇಳಿದ್ದಾರೆ. ಕಲ್ಲಿನ ವಿಷಯ ಇನ್ನೂ ಏನೂ ಹೇಳಿಲ್ಲ. ಪ್ರತಿಯನ್ನು ಕಳಿಸಲಾಗಿದೆ.

ಡಿಪೋ ಹೊಂಡದ ಕಪ್ಪೆಗಳನ್ನು ಕೆರೆಯ ಕಪ್ಪೆಗಳೆಂದು ಹಾಕುವಂತಿಲ್ಲ. ಹಾಗಾಗಿ ಧಾರಾವಾಹಿಯಲ್ಲಿ ಓನರ್ ಟೈಲರನ ಅಂಗಡಿ ಖಾಲಿ ಮಾಡಿಸುತ್ತಾನೆ, ಟೈಲರ್‌ಗೆ ಡಿಪೋ ಹಿಂದಿನ ಬೀದಿಯಲ್ಲಿ ಬಾಡಿಗೆ ಕೋಣೆ ಸಿಗುತ್ತದೆ. ಇಷ್ಟು ವರ್ಷದ ನೆಲಮಹಡಿ ಬಿಡಿಸಿದ್ದಕ್ಕೆ ಟೈಲರ್ ಪಾತ್ರಧಾರಿ ಒಂದು ವಾರ ಮುನಿಸಿಕೊಂಡಿದ್ದರು. ಬರುವ ಶನಿವಾರ ಸಂಜೆ ಐದೂವರೆಗೆ, ಅರ್ಧ ಗಂಟೆಯ ಧ್ವನಿಮುದ್ರಣಕ್ಕೆಂದು, ಡಿಪೋದ ಹಿಂದಿನ ಗೇಟಿನ ಬೀಗ ತೆಗೆದುಕೊಡಲು ಟೈರ್ ವಿಭಾಗದ ಮೆಕ್ಯಾನಿಕ್ ಒಪ್ಪಿದ್ದಾರೆ. ಆ ಅರ್ಧ ಗಂಟೆ ಒಳಗೆ ಬರುವ ಬಸ್ಸುಗಳು ಮುಂದಿನ ಅಂಗಳದಲ್ಲೇ ನಿಲ್ಲಲಿವೆ.